ಶಾಂತಿ, ಅಹಿಂಸೆ ಮತ್ತು ಜಗಳ ಬಗೆಹರಿಸುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಜಗಳ ಇಲ್ಲದಿದ್ದರೆ ಅದೇ ಶಾಂತಿ ಅಲ್ಲವೇ?

ಅಲ್ಲ. ಬಾಯಿ ಬಿಡಲು ಎಲ್ಲರೂ ಹೆದರುವ ಮನೆಯಲ್ಲೂ ಜಗಳ ಇರುವುದಿಲ್ಲ. ನಾರ್ವೆಯ ಶಾಂತಿ ಅಧ್ಯಯನಕಾರ ಯೋಹಾನ್ ಗಾಲ್ಟುಂಗ್ 1969ರ ಲೇಖನವೊಂದರಲ್ಲಿ ಇದನ್ನು ಬಿಡಿಸಿ ಹೇಳಿದರು. ಹೊಡೆತ, ಬಡಿತ, ಯುದ್ಧ ನಿಂತಿದ್ದರೆ ಅದು ನೇತ್ಯಾತ್ಮಕ ಶಾಂತಿ. ಜನರ ನಡುವೆ ನ್ಯಾಯವೂ ಸಹಕಾರವೂ ಬೇರು ಬಿಟ್ಟಿದ್ದರೆ ಅದು ಇತ್ಯಾತ್ಮಕ ಶಾಂತಿ. ಯಾರೂ ಯಾರ ಮೇಲೂ ಕೈ ಎತ್ತದಿದ್ದರೂ ವ್ಯವಸ್ಥೆಯೇ ಕೆಲವರ ಆಯಸ್ಸು, ಆರೋಗ್ಯ, ಓದನ್ನು ಕಿತ್ತುಕೊಳ್ಳುತ್ತಿದ್ದರೆ ಅದನ್ನು ಅವರು ರಾಚನಿಕ ಹಿಂಸೆ ಎಂದು ಕರೆದರು. 1990ರಲ್ಲಿ ಸಾಂಸ್ಕೃತಿಕ ಹಿಂಸೆ ಎಂಬ ಇನ್ನೊಂದನ್ನು ಸೇರಿಸಿದರು. ಮಿಕ್ಕ ಹಿಂಸೆಗಳನ್ನು ಸರಿಯೆಂದು ಒಪ್ಪಿಸುವ ಮಾತು, ಗಾದೆ, ನಂಬಿಕೆಗಳು ಇದರಲ್ಲಿ ಬರುತ್ತವೆ.

ಜಗಳ ಬಿಡಿಸಲು ಹೋದವರು ಮಾಡುವ ಮೊದಲ ತಪ್ಪು, ಕೂಗಾಟ ನಿಂತ ಕೂಡಲೇ ಕೆಲಸ ಮುಗಿಯಿತೆಂದು ಎದ್ದು ಬರುವುದು. ಕೂಗಾಟ ನಿಂತಿರುವುದು ಒಬ್ಬರು ಸೋತು ಸುಮ್ಮನಾದದ್ದರಿಂದಲೂ ಇರಬಹುದು. ಸಂಘರ್ಷ ಬೇರೆ, ಹಿಂಸೆ ಬೇರೆ. ಇಬ್ಬರಿಗೆ ಬೇರೆ ಬೇರೆ ಬೇಕಾಗುವುದು ಸಹಜ, ಎಷ್ಟೋ ಸಲ ಒಳ್ಳೆಯದು ಕೂಡ. ಅದನ್ನು ಹೊರಗೆ ತಂದು, ಯಾರಿಗೂ ಗಾಯವಾಗದಂತೆ ಬಗೆಹರಿಸುವುದು ಕಲಿತು ಮಾಡಬೇಕಾದ ಕೆಲಸ. ಕೆಳಗಿನ ಉತ್ತರಗಳೆಲ್ಲ ಆ ಕಲಿಕೆಯ ಬಗ್ಗೆಯೇ.

ಅಹಿಂಸೆ ಎಂದರೆ ಸಹಿಸಿಕೊಂಡು ಸುಮ್ಮನಿರುವುದೇ?

ಈ ತಪ್ಪು ತಿಳಿವಳಿಕೆ ಗಾಂಧೀಜಿಯವರನ್ನೂ ಕಾಡಿತ್ತು. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರಿನಲ್ಲಿ ಸೇರಿದ ಭಾರತೀಯರು, ತಮ್ಮನ್ನು ಅವಮಾನಿಸುವ ನೋಂದಣಿ ಕಾನೂನಿಗೆ ತಲೆಬಾಗುವುದಿಲ್ಲ ಎಂದು ಶಪಥ ಮಾಡಿದರು. ಆ ಹೋರಾಟಕ್ಕೆ ಮೊದಲಿಗೆ ‘ಪ್ಯಾಸಿವ್ ರೆಸಿಸ್ಟೆನ್ಸ್’ (ನಿಷ್ಕ್ರಿಯ ಪ್ರತಿರೋಧ) ಎಂಬ ಹೆಸರಿತ್ತು. ಅದು ದುರ್ಬಲರ ಅಸ್ತ್ರವೆಂದು ಕೇಳಿಸುತ್ತದೆ ಅನ್ನಿಸಿ ಗಾಂಧೀಜಿ ಪತ್ರಿಕೆಯ ಮೂಲಕ ಬೇರೆ ಹೆಸರು ಕೇಳಿದರು. ಮಗನ್‌ಲಾಲ್ ಗಾಂಧಿ ‘ಸದಾಗ್ರಹ’ ಎಂದು ಬರೆದು ಕಳಿಸಿದರು. ಅದು ತಿದ್ದಿಕೊಂಡು ‘ಸತ್ಯಾಗ್ರಹ’ ಆಯಿತು.

ಹೆಸರಿನಲ್ಲಿ ‘ಆಗ್ರಹ’ ಇದೆ ಎಂಬುದನ್ನು ಗಮನಿಸಿ. ಅನ್ಯಾಯದ ಕೆಲಸಕ್ಕೆ ನನ್ನ ಕೈ ಸೇರಿಸುವುದಿಲ್ಲ, ಅದನ್ನು ಮಾಡುವವನಿಗೆ ನೋವನ್ನೂ ಕೊಡುವುದಿಲ್ಲ: ಈ ಎರಡನ್ನೂ ಒಟ್ಟಿಗೆ ಹಿಡಿದಿಟ್ಟುಕೊಂಡಾಗ ಮಾತ್ರ ಅದು ಅಹಿಂಸೆ. ಮೊದಲನೆಯದನ್ನು ಬಿಟ್ಟರೆ ಶರಣಾಗತಿ, ಎರಡನೆಯದನ್ನು ಬಿಟ್ಟರೆ ಹೊಡೆದಾಟ.

ಇದರ ಹಿಂದಿನ ತತ್ವ ಏನು? ಬರೀ ಒಳ್ಳೆಯತನವೇ?

ಒಳ್ಳೆಯತನದ ಆಚೆಗೂ ಗಟ್ಟಿ ಕಾರಣಗಳಿವೆ. ಒಂದು, ನಮ್ಮ ತಿಳಿವಳಿಕೆಗೆ ಮಿತಿ ಇದೆ. ಜೈನ ದಾರ್ಶನಿಕರ ಅನೇಕಾಂತವಾದ ಹೇಳುವುದು ಇದನ್ನೇ: ವಸ್ತುವಿಗೆ ಹಲವು ಮುಖ, ಒಬ್ಬೊಬ್ಬರ ಕಣ್ಣಿಗೆ ಒಂದೊಂದು. ನಾನು ತಪ್ಪಿರಬಹುದು ಎಂಬ ಸಾಧ್ಯತೆ ಇದ್ದಾಗ, ತಿದ್ದಿಕೊಳ್ಳಲು ಬಾರದ ಕೆಲಸ ಮಾಡಬಾರದು. ಕೊಂದದ್ದನ್ನು ತಿದ್ದಿಕೊಳ್ಳಲು ಬರುವುದಿಲ್ಲ.

ಎರಡು, ದಾರಿಗೂ ಗುರಿಗೂ ನಂಟಿದೆ. ಗಾಂಧೀಜಿ 1909ರಲ್ಲಿ ಇದನ್ನು ಬೀಜಕ್ಕೂ ಮರಕ್ಕೂ ಹೋಲಿಸಿದರು. ಬಂದೂಕಿನಿಂದ ಗೆದ್ದ ಗುಂಪು ಗೆದ್ದ ಮರುದಿನ ಬಂದೂಕನ್ನು ಕೆಳಗಿಡುವುದು ಕಷ್ಟ, ಏಕೆಂದರೆ ಅದರ ಒಳಗೆ ಮೇಲೆ ಬಂದವರು ಬಂದೂಕು ಬಳಸಲು ಬಲ್ಲವರೇ.

ಮೂರನೆಯದು ಅಧಿಕಾರದ ಬಗ್ಗೆ. ಆಳುವವನ ಬಲ ಅವನ ತೋಳಿನಲ್ಲಿಲ್ಲ. ಆಜ್ಞೆ ಪಾಲಿಸುವ ಗುಮಾಸ್ತ, ಪೊಲೀಸ್, ಶಿಕ್ಷಕ, ಚಾಲಕ, ತೆರಿಗೆ ಕಟ್ಟುವವರೆಲ್ಲರ ಕೈಯಲ್ಲಿ ಅದು ಹಂಚಿಹೋಗಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರೆ ಸಿಂಹಾಸನ ಅಲುಗುತ್ತದೆ. ಅಮೆರಿಕದ ಜೀನ್ ಶಾರ್ಪ್ 1973ರಲ್ಲಿ ಈ ವಿಚಾರದ ಮೇಲೆಯೇ 198 ಅಹಿಂಸಾತ್ಮಕ ವಿಧಾನಗಳನ್ನು ಪಟ್ಟಿ ಮಾಡಿದರು. ಪ್ರತಿಭಟನೆ, ಅಸಹಕಾರ, ನೇರ ಮಧ್ಯಪ್ರವೇಶ ಎಂದು ಅವುಗಳನ್ನು ಮೂರು ಗುಂಪು ಮಾಡಿದರು.

ಇಬ್ಬರ ನಡುವಿನ ಜಗಳದಲ್ಲಿ ಎಲ್ಲಿಂದ ಶುರು ಮಾಡಬೇಕು?

ಪಟ್ಟನ್ನೂ ಅಗತ್ಯವನ್ನೂ ಬೇರೆ ಮಾಡುವುದರಿಂದ. ಬಾಯಿಂದ ಬರುವುದು ಪಟ್ಟು. ಆ ಪಟ್ಟು ಹಿಡಿಯುವಂತೆ ಮಾಡಿದ ಒಳಗಿನ ಬೇಗೆ ಅಗತ್ಯ. ಇಬ್ಬರ ಪಟ್ಟುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಅಗತ್ಯಗಳು ಬಹಳ ಸಲ ಡಿಕ್ಕಿ ಹೊಡೆಯುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ಅಣ್ಣ ಹೇಳುತ್ತಾನೆ: “ಮನೆ ಮಾರಲೇಬೇಕು.” ತಂಗಿ ಹೇಳುತ್ತಾಳೆ: “ನಾನಿರುವವರೆಗೆ ಬಿಡುವುದಿಲ್ಲ.” ಇಲ್ಲಿ ನಡುದಾರಿಯೇ ಇಲ್ಲ, ಅರ್ಧ ಮನೆ ಮಾರಲು ಬರುವುದಿಲ್ಲ. ಈಗ ಅಣ್ಣನನ್ನು “ಯಾಕೆ ಮಾರಬೇಕು?” ಎಂದು ಕೇಳಬೇಡಿ. ‘ಯಾಕೆ’ ಎಂಬುದು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದಂತೆ ಇರುತ್ತದೆ, ಉತ್ತರವಾಗಿ ಸಮರ್ಥನೆಯೇ ಬರುತ್ತದೆ. “ಮಾರಿದರೆ ನಿನಗೆ ಏನು ಹಗುರಾಗುತ್ತದೆ, ಅಣ್ಣ?” ಎಂದು ಕೇಳಿ. ಎಂಟು ತಿಂಗಳಲ್ಲಿ ತೀರಿಸಬೇಕಾದ ಸಾಲ ಹೊರಗೆ ಬರುತ್ತದೆ. ತಂಗಿಯನ್ನು “ಮಾರಿದರೆ ಯಾವುದು ಕೈತಪ್ಪುತ್ತದೆ ಅನ್ನಿಸುತ್ತದೆ?” ಎಂದು ಕೇಳಿ. ಅಮ್ಮನ ಕಣ್ಣು ಮಂಜಾಗಿದೆ, ಆ ಮನೆಯ ಹೊಸ್ತಿಲು, ಮೆಟ್ಟಿಲು, ಬಚ್ಚಲ ಬಾಗಿಲು ಅವರ ಕೈಗೆ ಗೊತ್ತು, ಹೊಸ ಜಾಗದಲ್ಲಿ ಬಿದ್ದುಬಿಡುತ್ತಾರೆ ಎಂಬ ಭಯ ಹೊರಗೆ ಬರುತ್ತದೆ.

ಎಂಟು ತಿಂಗಳೊಳಗೆ ಹಣ, ಅಮ್ಮನಿಗೆ ಅದೇ ಮನೆ: ಇವೆರಡು ಒಂದಕ್ಕೊಂದು ವೈರಿಗಳಲ್ಲ. ಮನೆಯ ಮೇಲೆ ಸಾಲ ಎತ್ತಬಹುದು, ಒಂದು ಭಾಗ ಬಾಡಿಗೆಗೆ ಕೊಡಬಹುದು, ತಂಗಿ ಅಣ್ಣನ ಪಾಲನ್ನು ಕಂತಿನಲ್ಲಿ ಕೊಳ್ಳಬಹುದು, ಅಮ್ಮ ಇರುವವರೆಗೆ ಮಾರುವುದಿಲ್ಲ ಎಂದು ಬರೆದಿಟ್ಟು ಅದರ ಆಧಾರದ ಮೇಲೆ ಈಗ ಸ್ವಲ್ಪ ಹಣ ಹೊಂದಿಸಬಹುದು. ಯಾವುದು ಸರಿ ಎಂಬುದು ಆಮೇಲಿನ ಮಾತು. ಕನಿಷ್ಠ ಐದಾರು ದಾರಿಗಳು ಕಾಗದದ ಮೇಲೆ ಬರುವವರೆಗೆ ಯಾವುದನ್ನೂ ತಳ್ಳಿಹಾಕಬಾರದು. ಮೊದಲು ಹೊಳೆದದ್ದರ ಮೇಲೆ ವಾದಕ್ಕೆ ಕೂತರೆ ಅದೇ ಹೊಸ ಪಟ್ಟು ಆಗಿಬಿಡುತ್ತದೆ.

ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟರೆ ಸಾಲದೇ?

ಸಮಯ ಇಲ್ಲದಾಗ, ವಿಷಯ ಸಣ್ಣದಾಗಿದ್ದಾಗ ಸಾಕು. ದೊಡ್ಡ ವಿಷಯದಲ್ಲಿ ಅರ್ಧ ಅರ್ಧ ಹಂಚಿಕೆ ಇಬ್ಬರಿಗೂ ಅತೃಪ್ತಿ ಉಳಿಸುತ್ತದೆ. ಅಮೆರಿಕದ ಆಡಳಿತ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಕೊಟ್ಟ ಗ್ರಂಥಾಲಯದ ಉದಾಹರಣೆ ಪ್ರಸಿದ್ಧ. ಒಬ್ಬರಿಗೆ ಕಿಟಕಿ ತೆರೆದಿರಬೇಕು, ಇನ್ನೊಬ್ಬರಿಗೆ ಮುಚ್ಚಿರಬೇಕು. ಅರ್ಧ ತೆರೆದರೆ ಇಬ್ಬರಿಗೂ ಕಿರಿಕಿರಿ. ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಒಬ್ಬರಿಗೆ ಬೇಕಿದ್ದದ್ದು ಗಾಳಿ, ಇನ್ನೊಬ್ಬರಿಗೆ ಬೇಡವಾಗಿದ್ದದ್ದು ಮೈಮೇಲೆ ನೇರವಾಗಿ ಬೀಸುವ ಗಾಳಿ.

ಮಾತು ಹೇಗೆ ಆಡಿದರೆ ಎದುರಿನವರು ಕಿವಿ ಮುಚ್ಚಿಕೊಳ್ಳುವುದಿಲ್ಲ?

ಅಮೆರಿಕದ ಮನೋವಿಜ್ಞಾನಿ ಮಾರ್ಷಲ್ ರೋಸೆನ್‌ಬರ್ಗ್ ರೂಪಿಸಿದ ಅಹಿಂಸಾತ್ಮಕ ಸಂವಹನದಲ್ಲಿ ನಾಲ್ಕು ಭಾಗಗಳಿವೆ: ಕಂಡದ್ದು, ಅನ್ನಿಸಿದ್ದು, ಬೇಕಾದದ್ದು, ಕೋರಿಕೆ. “ನೀನು ಯಾವಾಗಲೂ ತಡ, ನನಗೆ ಬೆಲೆಯೇ ಇಲ್ಲ” ಎಂಬ ಮಾತನ್ನು ಬಿಡಿಸಿದರೆ ಹೀಗಾಗುತ್ತದೆ: “ಈ ವಾರ ಮೂರು ದಿನ ಹೇಳಿದ ಹೊತ್ತಿಗಿಂತ ಒಂದು ಗಂಟೆ ತಡವಾಗಿ ಬಂದೆ. ಕಾಯುವಾಗ ದಿಗಿಲಾಯಿತು. ನಿನಗೇನೂ ಆಗಿಲ್ಲ ಎಂದು ಗೊತ್ತಾದರೆ ನನಗೆ ನೆಮ್ಮದಿ. ಕಾಲು ಗಂಟೆಗಿಂತ ತಡ ಆಗುವಂತಿದ್ದರೆ ಒಂದು ಮೆಸೇಜ್ ಹಾಕುತ್ತೀಯಾ?”

ಕೈತಪ್ಪುವ ಜಾಗಗಳು ಗೊತ್ತಿರಲಿ. ‘ಯಾವಾಗಲೂ’, ‘ಒಂದು ದಿನವೂ ಇಲ್ಲ’ ಎಂಬ ಪದಗಳು ಬಂದ ಕೂಡಲೇ ಎದುರಿನವರು ಒಂದು ಅಪವಾದ ಹುಡುಕಿ ತೋರಿಸುತ್ತಾರೆ, ಚರ್ಚೆ ಅಲ್ಲಿಗೆ ಹಳಿ ತಪ್ಪುತ್ತದೆ. ಎಷ್ಟು ಸಲ, ಯಾವ ದಿನ ಎಂದೇ ಹೇಳಿ. “ನೀನು ನನ್ನನ್ನು ಕಡೆಗಣಿಸುತ್ತಿದ್ದೀ ಅನ್ನಿಸುತ್ತದೆ” ಎಂಬುದು ಭಾವನೆಯಲ್ಲ, ಅನ್ನಿಸುತ್ತದೆ ಎಂಬ ಬಾಲ ಅಂಟಿಸಿಕೊಂಡ ಆರೋಪ. ದುಃಖ, ಭಯ, ಸುಸ್ತು, ನಾಚಿಕೆ ಇವು ಭಾವನೆಗಳು. ಕೋರಿಕೆ ನಿಜಕ್ಕೂ ಕೋರಿಕೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ: ಅವರು “ಆಗುವುದಿಲ್ಲ” ಎಂದಾಗ ನೀವು ಮುನಿಸಿಕೊಂಡರೆ ಅದು ಆಜ್ಞೆಯಾಗಿತ್ತು.

ಈ ನಾಲ್ಕನ್ನು ಕಂಠಪಾಠ ಮಾಡಿ ಒಪ್ಪಿಸಿದರೆ ಕೃತಕವಾಗಿ ಕೇಳಿಸುತ್ತದೆ. ಮನಸ್ಸಿನೊಳಗೆ ನಾಲ್ಕನ್ನೂ ಬೇರ್ಪಡಿಸಿಕೊಂಡು, ನಿಮ್ಮ ದಿನನಿತ್ಯದ ಮಾತಿನಲ್ಲೇ ಹೇಳುವುದು ಮೇಲು.

ಕೋಪ ನೆತ್ತಿಗೇರಿದಾಗ ಇದೆಲ್ಲ ನೆನಪಿಗೆ ಬರುತ್ತದೆಯೇ?

ಬರುವುದಿಲ್ಲ. ಆದ್ದರಿಂದ ಆ ಹೊತ್ತಿನಲ್ಲಿ ಮಾತು ನಿಲ್ಲಿಸಿ. ಎದೆಬಡಿತ ಇಳಿಯಲು ಕನಿಷ್ಠ 20 ನಿಮಿಷ ಬೇಕು, ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ವಾದ ಮುಂದುವರಿಸಿದರೆ ಅದೂ ಸಾಲದು. ಎದ್ದು ಹೋಗುವ ಮುನ್ನ ವಾಪಸ್ ಬರುವ ಸಮಯ ಹೇಳಿ: “ಈಗ ನನ್ನಿಂದ ಆಗುತ್ತಿಲ್ಲ, ಏಳು ಗಂಟೆಗೆ ಕೂತು ಮಾತಾಡೋಣ.” ಸಮಯ ಹೇಳದೆ ಹೋದರೆ ಅದು ಎದುರಿನವರಿಗೆ ಬಾಗಿಲು ಹಾಕಿದಂತೆ ಕಾಣುತ್ತದೆ. ಏಳಕ್ಕೆ ತಪ್ಪದೆ ಬನ್ನಿ.

ಜಗಳ ಎಷ್ಟು ದೂರ ಹೋಗಿದೆ ಎಂದು ಅಳೆಯುವುದು ಹೇಗೆ?

ಆಸ್ಟ್ರಿಯಾದ ಫ್ರೀಡ್ರಿಖ್ ಗ್ಲಾಸ್ಲ್ ಒಂಬತ್ತು ಮೆಟ್ಟಿಲುಗಳ ಅಳತೆಗೋಲು ಕೊಟ್ಟಿದ್ದಾರೆ. ಇವು ಮೇಲೇರುವ ಮೆಟ್ಟಿಲುಗಳಲ್ಲ, ಕೆಳಗಿಳಿಯುವವು. ಮೊದಲ ಮೂರರಲ್ಲಿ ನಿಲುವು ಗಡುಸಾಗುತ್ತದೆ, ವಾದ ಬಿಸಿಯೇರುತ್ತದೆ, ಮಾತು ಬಿಟ್ಟು ಕೃತಿಯಿಂದ ಉತ್ತರಿಸಲು ತೊಡಗುತ್ತಾರೆ. ಇಲ್ಲಿ ಇಬ್ಬರೂ ಗೆಲ್ಲುವ ದಾರಿ ಇನ್ನೂ ಇದೆ. ನಾಲ್ಕರಿಂದ ಆರರವರೆಗೆ ಪಕ್ಷ ಕಟ್ಟುವುದು, ಮುಖಕ್ಕೆ ಮಸಿ ಬಳಿಯುವುದು, ಬೆದರಿಕೆ. ಇಲ್ಲಿ ಒಬ್ಬರು ಸೋತರೇನೇ ಇನ್ನೊಬ್ಬರಿಗೆ ಸಮಾಧಾನ. ಕೊನೆಯ ಮೂರರಲ್ಲಿ ತನಗೆ ನಷ್ಟವಾದರೂ ಚಿಂತೆಯಿಲ್ಲ, ಅವನಿಗೆ ಹೆಚ್ಚು ಆಗಲಿ ಎಂಬ ಲೆಕ್ಕ, ಕಟ್ಟಕಡೆಗೆ ಇಬ್ಬರೂ ಕೈಹಿಡಿದು ಪ್ರಪಾತಕ್ಕೆ.

ಮೆಟ್ಟಿಲಿಗೆ ತಕ್ಕ ಮದ್ದು. ಮೊದಲ ಮೂರರಲ್ಲಿ ಇಬ್ಬರೇ ಕೂತು ಮಾತಾಡಿಕೊಳ್ಳಬಹುದು, ಬೇಕಾದರೆ ಒಬ್ಬ ಸ್ನೇಹಿತರು ಜೊತೆಗಿರಲಿ. ನಡುವಿನ ಮೂರಕ್ಕೆ ತರಬೇತಿ ಪಡೆದ ಮಧ್ಯಸ್ಥರು ಬೇಕು. ಕೊನೆಯ ಮೂರಕ್ಕೆ ತೀರ್ಪು ಕೊಡುವ ಅಧಿಕಾರ ಇರುವವರು ಬೇಕಾಗುತ್ತದೆ. ಬೆದರಿಕೆಯ ಮಟ್ಟ ದಾಟಿದ ಜಗಳಕ್ಕೆ “ಕೂತು ಮಾತಾಡಿಕೊಳ್ಳಿ” ಎಂದು ಹೇಳುವುದು ಮುರಿದ ಕಾಲಿಗೆ ಮುಲಾಮು ಹಚ್ಚಿದಂತೆ. ಇನ್ನೊಂದು ಸೂಚನೆ ಗಮನಿಸಿ: ವಿಷಯದ ಬಗ್ಗೆ ಆಡುತ್ತಿದ್ದ ಮಾತು “ಅವನ ಬುದ್ಧಿಯೇ ಅಂಥದ್ದು” ಎಂದು ತಿರುಗಿದರೆ ಮೂರನೆಯ ಮೆಟ್ಟಿಲು ದಾಟಿದೆ ಎಂದೇ ಅರ್ಥ.

ಮಧ್ಯಸ್ಥಿಕೆಯನ್ನು ಹಂತ ಹಂತವಾಗಿ ಹೇಗೆ ನಡೆಸಬೇಕು?

ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕಾಣಿ, ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ. ಒಬ್ಬರಿಗೆ ಒಂದು ಗಂಟೆ, ಇನ್ನೊಬ್ಬರಿಗೆ ಇಪ್ಪತ್ತು ನಿಮಿಷ ಕೊಟ್ಟರೆ ಆ ಸುದ್ದಿ ತಾನಾಗಿ ತಲುಪುತ್ತದೆ, ನಿಮ್ಮ ಮೇಲಿನ ನಂಬಿಕೆ ಅಲ್ಲಿಗೇ ಹೋಗುತ್ತದೆ. ಈ ಭೇಟಿಯಲ್ಲಿ ಮೂರು ಸಂಗತಿ ತಿಳಿದುಕೊಳ್ಳಿ: ಏನಾಯಿತು, ಅವರಿಗೆ ಏನು ಮುಖ್ಯ, ಎದುರಿನವರ ಜೊತೆ ಒಂದೇ ಕೋಣೆಯಲ್ಲಿ ಕೂರಲು ಭಯವಿದೆಯೇ. ಇಲ್ಲಿ ಕೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಆಚೆ ದಾಟಿಸಬೇಡಿ.

ಒಟ್ಟಿಗೆ ಕೂರುವ ದಿನ ಕುರ್ಚಿಗಳನ್ನು ಎದುರುಬದುರು ಇಡಬೇಡಿ. ಸ್ವಲ್ಪ ಓರೆಯಾಗಿಡಿ, ಇಬ್ಬರಿಂದಲೂ ನಿಮ್ಮ ಕುರ್ಚಿ ಒಂದೇ ದೂರದಲ್ಲಿರಲಿ. ಯಾರ ಹಿಂದೆಯೂ ಬಾಗಿಲು ಬೇಡ. ಕುಡಿಯಲು ನೀರು ಇರಲಿ, ಫೋನು ಬೇಡ. ಎರಡು ಗಂಟೆಗಿಂತ ಹೆಚ್ಚು ಕೂರಿಸಬೇಡಿ. ದಣಿದವರು ತಪ್ಪಿಸಿಕೊಳ್ಳಲು ಸಹಿ ಹಾಕುತ್ತಾರೆ, ಮರುದಿನ ಮುರಿಯುತ್ತಾರೆ.

ಒಬ್ಬೊಬ್ಬರೂ ಎಂಟು ಹತ್ತು ನಿಮಿಷ ತಡೆಯಿಲ್ಲದೆ ಮಾತಾಡಲಿ. ಮುಗಿದ ಮೇಲೆ ಎದುರಿನವರು ತಾವು ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು, ಹೇಳಿದವರು “ಹೌದು, ಇದೇ” ಎನ್ನುವವರೆಗೂ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ, ಜನ ಅವಸರದಲ್ಲಿ ಬಿಟ್ಟುಬಿಡುವುದೂ ಇದನ್ನೇ. ಒಪ್ಪುವುದು ಬೇರೆ, ಅರ್ಥವಾಯಿತು ಎಂದು ತೋರಿಸುವುದು ಬೇರೆ ಎಂದು ಮೊದಲೇ ಹೇಳಿರಿ. ಆಮೇಲೆ ವಿಷಯಗಳ ಪಟ್ಟಿ ಮಾಡಿ, ಸುಲಭದ್ದನ್ನು ಮೊದಲು ಎತ್ತಿಕೊಳ್ಳಿ.

ಇಬ್ಬರೂ ಮುಖ ನೋಡಲಾರದ ಸ್ಥಿತಿ ಇದ್ದರೆ ಒಂದೇ ಕರಡಿನ ವಿಧಾನ ಬಳಸಿ. 1978ರ ಸೆಪ್ಟೆಂಬರಿನಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದತ್ ಮತ್ತು ಇಸ್ರೇಲಿನ ಪ್ರಧಾನಿ ಬೆಗಿನ್ ನಡುವೆ ಅಮೆರಿಕದ ತಂಡ 13 ದಿನ ಮಾಡಿದ್ದು ಇದನ್ನೇ. ಕರಡನ್ನು ಮಧ್ಯಸ್ಥರೇ ಬರೆಯುತ್ತಾರೆ, “ಒಪ್ಪುತ್ತೀರಾ?” ಎಂದು ಕೇಳದೆ “ಇದರಲ್ಲಿ ಏನು ಸರಿಯಿಲ್ಲ?” ಎಂದು ಕೇಳುತ್ತಾರೆ, ತಿದ್ದಿ ಮತ್ತೆ ತರುತ್ತಾರೆ. ಅಲ್ಲಿ 23 ಕರಡುಗಳಾದವು. ಯುದ್ಧದಲ್ಲಿ ಇಸ್ರೇಲ್ ಹಿಡಿದಿದ್ದ ಸಿನಾಯ್ ಭೂಮಿಯ ಒಡೆತನ ಈಜಿಪ್ಟಿಗೆ ಬೇಕಿತ್ತು, ಗಡಿಯ ಹತ್ತಿರ ಟ್ಯಾಂಕು ಬೇಡವೆಂಬುದು ಇಸ್ರೇಲಿಗೆ ಬೇಕಿತ್ತು. ಭೂಮಿ ಈಜಿಪ್ಟಿಗೆ ಮರಳಿತು, ಗಡಿಯುದ್ದಕ್ಕೂ ಸೇನೆಗೆ ಕಟ್ಟುನಿಟ್ಟಿನ ಮಿತಿ ಬಂತು.

ಒಪ್ಪಂದದಲ್ಲಿ ಏನು ಬರೆಯಬೇಕು?

“ಇನ್ನು ಮುಂದೆ ಪರಸ್ಪರ ಗೌರವದಿಂದ ನಡೆದುಕೊಳ್ಳುತ್ತೇವೆ” ಎಂಬುದು ಒಪ್ಪಂದವಲ್ಲ, ಹಾರೈಕೆ. ಯಾರು, ಏನು, ಎಷ್ಟು, ಯಾವ ದಿನಾಂಕದೊಳಗೆ ಎಂಬುದು ಬರಲಿ: “ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಯಂತ್ರ ಓಡಿಸುವುದಿಲ್ಲ. ತುರ್ತು ಬಂದರೆ ಸಂಜೆಯೇ ತಿಳಿಸುತ್ತೇನೆ.” ಇಬ್ಬರಿಗೂ ಮಾಡಬೇಕಾದ್ದು ಇರಲಿ. ಒಬ್ಬರಿಗೇ ಎಲ್ಲ ಹೊರೆ ಬಿದ್ದ ಕಾಗದ ಬಾಳುವುದಿಲ್ಲ.

ಮಧ್ಯಸ್ಥಿಕೆ ಮಾಡಲೇಬಾರದ ಸಂದರ್ಭ ಇದೆಯೇ?

ಇದೆ, ಇದನ್ನು ಒತ್ತಿ ಹೇಳಬೇಕು. ಮನೆಯೊಳಗೆ ಹೊಡೆತ, ಬೆದರಿಕೆ, ಹಣ ಮತ್ತು ಓಡಾಟದ ಮೇಲೆ ಹಿಡಿತ ಇದ್ದಲ್ಲಿ ಇಬ್ಬರನ್ನೂ ಎದುರು ಕೂರಿಸಬೇಡಿ. ಭಯಪಟ್ಟವರು ಕೋಣೆಯಲ್ಲಿ ನಿಜ ಹೇಳುವುದಿಲ್ಲ, ಹೇಳಿದರೆ ಮನೆಗೆ ಹೋದ ಮೇಲೆ ಅದಕ್ಕೆ ಬೆಲೆ ತೆರುತ್ತಾರೆ. “ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ” ಎಂಬ ಗಾದೆ ಇಂಥ ಕಡೆ ಎಷ್ಟು ಜನರ ಬಾಯಿ ಮುಚ್ಚಿಸಿದೆಯೋ. ಚಪ್ಪಾಳೆಗೆ ಎರಡು ಕೈ ಬೇಕು, ಹೊಡೆಯಲು ಒಂದೇ ಸಾಕು. ಇಲ್ಲಿ ಮೊದಲು ಸುರಕ್ಷತೆ, ಕಾನೂನು, ಬೇರೆ ವಾಸ.

ಬಲ ಇರುವವರು ಮಾತಿಗೇ ಬರದಿದ್ದರೆ?

ಆಗ ನೇರ ಕ್ರಿಯೆ, ಅದೂ ಮಾತಿನ ಮೇಜಿಗೆ ಕರೆತರಲಿಕ್ಕಾಗಿ. ಅಮೆರಿಕದ ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ನಾಲ್ಕು ಹಂತ ಹೇಳಿದರು: ಅನ್ಯಾಯ ನಿಜವೇ ಎಂದು ಸಂಗತಿಗಳನ್ನು ಕಲೆಹಾಕುವುದು, ಮಾತುಕತೆ, ಆತ್ಮಶುದ್ಧಿ, ಕೊನೆಗೆ ನೇರ ಕ್ರಿಯೆ. ಮೂರನೆಯದನ್ನು ಅಲಂಕಾರದ ಮಾತು ಎಂದು ತಿಳಿಯಬಾರದು. ಹೊಡೆದರೆ ತಿರುಗಿ ಹೊಡೆಯದೆ ಇರಬಲ್ಲೆಯಾ, ಜೈಲು ತಡೆದುಕೊಳ್ಳಬಲ್ಲೆಯಾ ಎಂದು ಒಬ್ಬೊಬ್ಬರೂ ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು.

ಉಪ್ಪಿನ ಸತ್ಯಾಗ್ರಹದಲ್ಲೂ ಇದೇ ಕ್ರಮ. 1930ರ ಮಾರ್ಚ್ 2ರಂದು ಗಾಂಧೀಜಿಯಿಂದ ವೈಸರಾಯ್‌ಗೆ ಪತ್ರ. ಉತ್ತರ ಸಮಾಧಾನ ಕೊಡಲಿಲ್ಲ. ಮಾರ್ಚ್ 12ರಂದು 78 ಜನರೊಂದಿಗೆ ಹೊರಟು, ಸುಮಾರು 385 ಕಿಲೋಮೀಟರ್ ನಡೆದು, ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ಎದುರಾಳಿಗೆ ಮೊದಲೇ ತಿಳಿಸಿ, ಬಹಿರಂಗವಾಗಿ, ಪ್ರತಿಯೊಬ್ಬ ಬಡವನಿಗೂ ತಟ್ಟುವ ಒಂದೇ ವಿಷಯ ಹಿಡಿದು.

ಬಹಿಷ್ಕಾರ ಹೂಡುವವರು ಮೊದಲು ಬದಲಿ ವ್ಯವಸ್ಥೆ ಮಾಡಿಕೊಳ್ಳಬೇಕು. 1955ರ ಡಿಸೆಂಬರಿನಲ್ಲಿ ಶುರುವಾದ ಅಮೆರಿಕದ ಮಾಂಟ್ಗೋಮರಿ ನಗರದ ಕರಿಯರ ಬಸ್ ಬಹಿಷ್ಕಾರ 381 ದಿನ ನಿಂತದ್ದಕ್ಕೆ ಭಾಷಣಗಳಷ್ಟೇ ಕಾರಣ ಸುಮಾರು 300 ಕಾರುಗಳ ಸಾರಿಗೆ ಏರ್ಪಾಡು. ಜನ ದಿನಾ ಕೆಲಸಕ್ಕೆ ಹೋಗಿ ಬರಲೇಬೇಕಿತ್ತು.

ಅಹಿಂಸಾತ್ಮಕ ಹೋರಾಟಗಳು ನಿಜಕ್ಕೂ ಗೆಲ್ಲುತ್ತವೆಯೇ? ಸೋಲುವುದೇಕೆ?

ಅಮೆರಿಕದ ಸಂಶೋಧಕರಾದ ಎರಿಕಾ ಚೆನೊವೆತ್ ಮತ್ತು ಮಾರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ಹೋರಾಟಗಳನ್ನು ಹೋಲಿಸಿ 2011ರಲ್ಲಿ ಪ್ರಕಟಿಸಿದರು. ಅಹಿಂಸಾತ್ಮಕವಾದವು ಶೇಕಡಾ 53ರಷ್ಟು, ಹಿಂಸಾತ್ಮಕವಾದವು ಶೇಕಡಾ 26ರಷ್ಟು ಗೆದ್ದಿದ್ದವು. ಮುಖ್ಯ ಕಾರಣ ಸೇರುವ ಜನರ ಸಂಖ್ಯೆ: ಬಂದೂಕು ಹಿಡಿಯಲಾರದ ಮುದುಕರು, ತಾಯಂದಿರು, ವಿದ್ಯಾರ್ಥಿಗಳೂ ಇದರಲ್ಲಿ ಸೇರಬಹುದು. ಹಾಗೆ ಸೇರಿದಾಗ ಪೊಲೀಸನ ಮನೆಯವರೂ ಗುಂಪಿನಲ್ಲಿರುತ್ತಾರೆ. ಆದರೆ ಸುಮಾರು ಅರ್ಧದಷ್ಟು ಪೂರ್ತಿ ಗೆಲ್ಲಲಿಲ್ಲ ಎಂಬುದನ್ನೂ ಅದೇ ಲೆಕ್ಕ ಹೇಳುತ್ತದೆ.

ಸೋಲಿಗೆ ಸಾಮಾನ್ಯ ಕಾರಣ ತಯಾರಿ ಇಲ್ಲದಿರುವುದು. ಒಂದೇ ಬೀದಿಯ ಮೆರವಣಿಗೆಯನ್ನೇ ತಿಂಗಳುಗಟ್ಟಲೆ ಮಾಡಿದರೆ ಎದುರಾಳಿ ಅದಕ್ಕೆ ಒಗ್ಗಿಕೊಳ್ಳುತ್ತಾನೆ. ಶಿಸ್ತು ಒಂದು ಕಡೆ ಒಡೆದರೆ ಎಲ್ಲ ಕಡೆ ಸೋರುತ್ತದೆ. 1922ರ ಫೆಬ್ರವರಿಯಲ್ಲಿ ಚೌರಿ ಚೌರಾದಲ್ಲಿ ಪೊಲೀಸ್ ಗುಂಡಿಗೆ ಕೆರಳಿದ ಗುಂಪು ಠಾಣೆಗೆ ಬೆಂಕಿ ಹಚ್ಚಿ 20ಕ್ಕೂ ಹೆಚ್ಚು ಪೊಲೀಸರನ್ನು ಕೊಂದಾಗ, ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಅದು ಸರಿಯೇ ಎಂಬ ಚರ್ಚೆ ಇಂದಿಗೂ ಇದೆ.

ತಯಾರಿ ಹೇಗಿರುತ್ತದೆ ಎಂದು ನೋಡಬೇಕಾದರೆ 1960ರ ಅಮೆರಿಕದ ನ್ಯಾಶ್‌ವಿಲ್ ಸಾಕು. ಕರಿಯರಿಗೆ ಊಟ ಬಡಿಸದ ಅಂಗಡಿಗಳಲ್ಲಿ ಕೂರುವ ಮೊದಲು ವಿದ್ಯಾರ್ಥಿಗಳು ಜೇಮ್ಸ್ ಲಾಸನ್ ನಡೆಸಿದ ಕಾರ್ಯಾಗಾರಗಳಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಕೆಲವರು ದಾಳಿ ಮಾಡುವವರ ಪಾತ್ರ ವಹಿಸಿ ಬೈಯುತ್ತಿದ್ದರು, ತಳ್ಳುತ್ತಿದ್ದರು, ಉಳಿದವರು ತಡೆದುಕೊಳ್ಳುವುದನ್ನು ಕಲಿಯುತ್ತಿದ್ದರು. ಅಂಗಡಿಗೆ ಹೋಗುವಾಗ ಎಲ್ಲರ ಕೈಯಲ್ಲೂ ಸೂಚನೆಯ ಚೀಟಿ: ಬೈದರೆ ತಿರುಗಿ ಬೈಯಬೇಡ, ನೆಟ್ಟಗೆ ಕೂರು, ಮುಖ ಕೌಂಟರ್ ಕಡೆಗಿರಲಿ, ಮುಂದಾಳು ಹೇಳದೆ ಏಳಬೇಡ. ಫೆಬ್ರವರಿ 13ರಂದು ಶುರುವಾಯಿತು, ಮೇ 10ರಂದು ಆ ಅಂಗಡಿಗಳು ಕರಿಯರಿಗೂ ಬಡಿಸಿದವು.

ಹಿಟ್ಲರನಂಥವರ ಮುಂದೆ ಅಹಿಂಸೆ ನಡೆಯುತ್ತದೆಯೇ?

ಎಲ್ಲ ಕಡೆ ನಡೆಯುತ್ತದೆ ಎಂದು ಹೇಳುವುದು ಸತ್ತವರಿಗೆ ಮಾಡುವ ಅಪಚಾರ. ಒಂದು ಜನಾಂಗವನ್ನೇ ಅಳಿಸಲು ಹೊರಟವನಿಗೆ ಆ ಜನರ ಸಹಕಾರ ಬೇಕಾಗುವುದಿಲ್ಲ, ಆದ್ದರಿಂದ ಅವರ ಅಸಹಕಾರಕ್ಕೆ ಅವನು ಮಣಿಯುವುದಿಲ್ಲ. ಆದರೆ ಅವನಿಗೆ ಗುಮಾಸ್ತರ, ಶಿಕ್ಷಕರ, ನೆರೆಹೊರೆಯವರ ಸಹಕಾರ ಬೇಕೇ ಬೇಕು. 1942ರಲ್ಲಿ ನಾಜಿಗಳ ಹಿಡಿತದಲ್ಲಿದ್ದ ನಾರ್ವೆಯಲ್ಲಿ ಶಿಕ್ಷಕರೆಲ್ಲ ಹೊಸ ಸರ್ಕಾರಿ ಸಂಘಕ್ಕೆ ಸೇರಬೇಕೆಂದು ನಾಜಿಗಳ ಕೈಗೊಂಬೆಯಾದ ಕ್ವಿಸ್ಲಿಂಗ್ ಸರ್ಕಾರ ಆಜ್ಞೆ ಹೊರಡಿಸಿತು. ಸುಮಾರು 12,000 ಶಿಕ್ಷಕರಲ್ಲಿ ಬಹುಪಾಲು ಜನ ಒಂದೇ ಒಕ್ಕಣೆಯ ನಿರಾಕರಣೆ ಪತ್ರಕ್ಕೆ ಸಹಿ ಹಾಕಿ ಕಳಿಸಿದರು. ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಿದರು, ನೂರಾರು ಮಂದಿಯನ್ನು ಉತ್ತರದ ತುದಿಯ ಕಿರ್ಕೆನೆಸ್‌ಗೆ ಕೂಲಿಗೆ ಕಳಿಸಿದರು. ಆ ಸಂಘ ಕೊನೆಗೂ ನಿಲ್ಲಲಿಲ್ಲ, ಶಿಕ್ಷಕರು ಮನೆಗೆ ಮರಳಿದರು.

ಕ್ಷಮಿಸಿಬಿಟ್ಟರೆ ನ್ಯಾಯದ ಗತಿ ಏನು?

ಕ್ಷಮೆಯನ್ನು ನೊಂದವರು ಕೊಡಬಹುದು, ಬೇರೆಯವರು ಅವರಿಂದ ಕೇಳಿ ಪಡೆಯುವಂತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಳ್ವಿಕೆ ಕೊನೆಗೊಂಡ ಮೇಲೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಿಂದ ವಿಚಾರಣೆ ನಡೆಸಿತು. ರಾಜಕೀಯ ಉದ್ದೇಶದಿಂದ ಮಾಡಿದ ಅಪರಾಧವನ್ನು ಪೂರ್ತಿಯಾಗಿ ಹೇಳಿಕೊಂಡವರಿಗಷ್ಟೇ ಶಿಕ್ಷೆಯಿಂದ ಬಿಡುಗಡೆ. ಅರ್ಜಿ ಹಾಕಿದವರು 7,112, ಸಿಕ್ಕಿದ್ದು 849 ಜನರಿಗೆ. ಎಷ್ಟೋ ತಾಯಂದಿರಿಗೆ ಮಗ ಎಲ್ಲಿ ಸತ್ತ ಎಂಬುದು ಮೊದಲ ಸಲ ತಿಳಿಯಿತು. ಪರಿಹಾರದ ವಿಷಯದಲ್ಲಿ ಮಾತ್ರ ಸರ್ಕಾರ ಆಯೋಗ ಹೇಳಿದ್ದಕ್ಕಿಂತ ಕಡಿಮೆ ಕೊಟ್ಟಿತು: 2003ರಲ್ಲಿ ತಲಾ 30,000 ರ‍್ಯಾಂಡ್, ಒಂದೇ ಬಾರಿ. ಆ ನೋವು ಇನ್ನೂ ಆರಿಲ್ಲ. ಸತ್ಯ, ಪಶ್ಚಾತ್ತಾಪ, ನಷ್ಟಭರ್ತಿ ಮೂರೂ ಬಂದಾಗ ಸಾಮರಸ್ಯಕ್ಕೆ ಕಾಲು ಬರುತ್ತದೆ.

ಒಪ್ಪಂದ ಮುರಿದರೆ ಎಲ್ಲವೂ ವ್ಯರ್ಥವೇ?

ಮೊದಲ ಕೆಲವು ವಾರಗಳಲ್ಲಿ ಮುರಿಯುವುದು ಸಾಮಾನ್ಯ, ಅದಕ್ಕೆ ಮೊದಲೇ ಜಾಗ ಇಟ್ಟುಕೊಳ್ಳಿ. ಎರಡು ವಾರಕ್ಕೊಮ್ಮೆ, ಆಮೇಲೆ ಆರು ವಾರಕ್ಕೆ, ಮೂರು ತಿಂಗಳಿಗೆ ಮರಳಿ ಕೂರುವ ದಿನಾಂಕಗಳನ್ನು ಒಪ್ಪಂದದ ಕಾಗದದಲ್ಲೇ ಬರೆಯಿರಿ. ಮುರಿದಾಗ “ಯಾರು ಮುರಿದದ್ದು?” ಎಂದು ಕೇಳುವ ಮುನ್ನ “ಯಾವ ಷರತ್ತು ಪಾಲಿಸಲು ಕಷ್ಟವಾಯಿತು?” ಎಂದು ಕೇಳಿ, ಬಹಳ ಸಲ ದಿನಾಂಕವೋ ಮೊತ್ತವೋ ಬದಲಾದರೆ ಸಾಕಾಗುತ್ತದೆ. ಉತ್ತರ ಐರ್ಲೆಂಡಿನಲ್ಲಿ ದಶಕಗಳ ಹಿಂಸೆಯ ನಂತರ 1998ರ ಏಪ್ರಿಲ್ 10ರಂದು ಒಪ್ಪಂದಕ್ಕೆ ಬಂದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಗುಂಪಾದ ಐಆರ್‌ಎ ತನ್ನ ಆಯುಧಗಳನ್ನು ಪೂರ್ತಿ ಕೈಬಿಟ್ಟಿತೆಂದು ಖಚಿತವಾದದ್ದು 2005ರ ಸೆಪ್ಟೆಂಬರಿನಲ್ಲಿ. ನಡುವಿನ ಏಳು ವರ್ಷಗಳಲ್ಲಿ ಅಲ್ಲಿನ ಜಂಟಿ ಸರ್ಕಾರ ಒಂದಕ್ಕಿಂತ ಹೆಚ್ಚು ಸಲ ಅಮಾನತಾಗಿತ್ತು, ಪ್ರತಿ ಸಲವೂ ಅವರು ಮತ್ತೆ ಅದೇ ಕಾಗದವನ್ನು ಬಿಡಿಸಿಕೊಂಡು ಕೂತರು.